ಕೊಟ್ಟಿಗೆಗೆ ನಾನೇ ಶೀಟು ಹೊದಿಸಿದ್ದು

ಹಳೇ ಕೊಟ್ಟಿಗೆಯ ಚಾವಣಿ ಸೋರುತ್ತಿತ್ತು. ಗೋಡೆ, ಮರ ಎಲ್ಲ ಗಟ್ಟಿಯಾಗಿಯೇ ಇದ್ದವು. ತುಕ್ಕು ಹಿಡಿದ ತಗಡು ಕಿತ್ತು ಹೊಸದು ಹಾಕುವುದು ತಾನೇ, ಎರಡು ದಿನ ಸಾಕು ಅಂದುಕೊಂಡೆ. ಐದು ದಿನ ಹಿಡಿಯಿತು. ಅದರಲ್ಲಿ ಒಂದಿಡೀ ದಿನ ನಾನೇ ಹಾಕಿದ್ದನ್ನು ಕಿತ್ತಿದ್ದಕ್ಕೆ ಹೋಯಿತು.

ಎಡವಿದ್ದು ಮೊದಲ ಶೀಟಿನಲ್ಲೇ. ಅದನ್ನು ಪಕ್ಕದ ಗೋಡೆಯ ಅಂಚಿಗೆ ಸಮವಾಗಿ ಕೂರಿಸಿ ಸ್ಕ್ರೂ ಬಿಗಿದೆ. ಮೂರನೆಯದರವರೆಗೂ ಏನೂ ಗೊತ್ತಾಗಲಿಲ್ಲ. ಆರನೆಯದಕ್ಕೆ ಬರುವಷ್ಟರಲ್ಲಿ ಸೂರಿನ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ಕೆಳಗಿಳಿದು ಚಾವಣಿಯನ್ನು ಮೂಲೆಯಿಂದ ಎದುರು ಮೂಲೆಗೆ, ಎರಡೂ ಕಡೆಯಿಂದ ಓರೆಯಾಗಿ ಟೇಪು ಹಿಡಿದು ಅಳೆದೆ. ಎರಡೂ ಒಂದೇ ಬರಬೇಕಿತ್ತು. ನೋಡಿದರೆ 9 ಸೆಂಟಿಮೀಟರ್ ವ್ಯತ್ಯಾಸ! ಕೊಟ್ಟಿಗೆಯೇ ಸೊಟ್ಟ. ಗೋಡೆ ನಂಬಿದ ಶೀಟು ಇನ್ನು ಹೇಗಿರಬೇಕು?

ಎಲ್ಲ ಬಿಚ್ಚಿ, ಸೂರಿನುದ್ದಕ್ಕೂ ದಾರ ಎಳೆದು ಕಟ್ಟಿದೆ. ದಾರದ ಮೇಲೆ 4 ಅಡಿ, ಅಲ್ಲಿಂದ ನೆತ್ತಿಯ ಕಡೆಗೆ 3 ಅಡಿ, ಎರಡೂ ತುದಿಗಳ ನಡುವೆ ಸರಿಯಾಗಿ 5 ಅಡಿ ಬರುವ ಹಾಗೆ ಮೂಲೆಮಟ್ಟ (ಸರಿಯಾದ ಲಂಬಕೋನ) ತೆಗೆದೆ. ಈ ಸಲ ಶೀಟನ್ನು ಆ ಗೆರೆಗೆ ಕೂರಿಸಿದೆ, ಗೋಡೆಗಲ್ಲ. ಪಕ್ಕದಲ್ಲಿ ಉಳಿದ ಸಂದನ್ನು ಅಗಲದ ಅಂಚುಪಟ್ಟಿ ಮುಚ್ಚಿತು. ಕೆಳಗೆ ನಿಂತವರಿಗೆ ಗೊತ್ತೇ ಆಗುವುದಿಲ್ಲ.

ಕಿತ್ತಿದ್ದರಿಂದ ಒಂದು ಲಾಭವೂ ಆಯಿತು. ಮೊದಲು ನಾನು ಮಳೆಗಾಳಿ ಬಡಿಯುವ ಕಡೆಯಿಂದಲೇ ಶುರು ಮಾಡಿದ್ದೆ. ಅದರ ಎದುರು ತುದಿಯಿಂದ ಶುರು ಮಾಡಬೇಕು. ಆಗ ಪಕ್ಕದ ಶೀಟಿನ ಮೇಲೆ ಬರುವ ಅಂಚು ಗಾಳಿಗೆ ಬೆನ್ನು ಹಾಕಿರುತ್ತದೆ, ನೀರು ಒಳಗೆ ನುಗ್ಗುವುದಿಲ್ಲ. ಪಕ್ಕದ ಶೀಟಿನ ಮೇಲೆ ಒಂದೂವರೆ ಅಲೆಯಷ್ಟು ಹೊದಿಸಿದೆ.

ಶೀಟು ಕತ್ತರಿಸಲು ತಗಡಿನ ಕತ್ತರಿಯೇ ಒಳ್ಳೆಯದು, ಕೈ ನೋವಾದರೂ ಪರವಾಗಿಲ್ಲ. ಗ್ರೈಂಡರ್ ಹಿಡಿದರೆ ಕಿಡಿ ಬಿದ್ದು ಸತುವಿನ ಲೇಪ ಸುಡುತ್ತದೆ, ತುಕ್ಕು ಅಲ್ಲಿಂದಲೇ ಶುರು. ಗಾಳಿ ಎದ್ದರೆ ಕೆಲಸ ನಿಲ್ಲಿಸಿ. ಒಂದು ಸಲ ಕೈಯಲ್ಲಿದ್ದ ಶೀಟು ನನ್ನನ್ನೇ ಎಳೆದುಕೊಂಡು ಹೊರಟಿತ್ತು. ಸೊಂಟಕ್ಕೆ ಹಗ್ಗ ಇತ್ತು, ಬಚಾವಾದೆ. ಮೇಲೆ ನಡೆಯುವಾಗ ಸ್ಕ್ರೂ ಸಾಲಿನ ಮೇಲೆಯೇ ಹೆಜ್ಜೆ ಇಡಿ, ಅಡಿಯಲ್ಲಿ ಶೀಟು ಹೊರುವ ರೀಪು (ಅಡ್ಡಪಟ್ಟಿ) ಇರುವುದು ಅಲ್ಲೇ.

ಮೊದಲ ಮಳೆಗೆ ಒಳಗೆ ನಿಂತು ತಲೆಯೆತ್ತಿ ನೋಡಿದೆ. ಏಳು ಕಡೆ ತೊಟ್ಟಿಕ್ಕುತ್ತಿತ್ತು. ಏಳೂ ಸ್ಕ್ರೂಗಳ ಬುಡದಲ್ಲೇ. ಬಿಗಿಯಾದಷ್ಟೂ ಒಳ್ಳೆಯದು ಅಂತ ಮಷಿನ್ನಲ್ಲಿ ತಿರುಗಿಸಿ ರಬ್ಬರ್ ವಾಷರ್‌ಗಳನ್ನು ಸೀಳಿಬಿಟ್ಟಿದ್ದೆ. ರಬ್ಬರ್ ಸ್ವಲ್ಪ ಉಬ್ಬಿದರೆ ಸಾಕಿತ್ತು. ಅವನ್ನು ತೆಗೆದು, ಒಂದು ಸೈಜು ದಪ್ಪದ ಸ್ಕ್ರೂಗಳನ್ನು ಹೊಸ ವಾಷರ್ ಸಮೇತ ಹಾಕಿದೆ. ಈ ಸಲ ಕೈಯಲ್ಲೇ ತಿರುಗಿಸಿದೆ.