ಸಹಿ ಹೊಂದದ ಚೆಕ್ಕು: ಕುಡಿತ ಬಿಟ್ಟ ನನ್ನ ಅನುಭವ

ಮೈಸೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ನಾನು ಸುಮಾರು 11 ವರ್ಷ ಪ್ರತಿ ಸಂಜೆ ಕುಡಿದೆ. ಆ ಅವಧಿಯಲ್ಲಿ ಒಂದು ರಿಟರ್ನ್ ಕೂಡ ಗಡುವು ಮೀರಿ ಸಲ್ಲಿಸಲಿಲ್ಲ. ಕೆಲಸ ಕೆಡದವನಿಗೆ ಚಟವಿಲ್ಲವೆಂದೇ ನಂಬಿದ್ದೆ. ಒಂದು ದಿನ ಬೆಳಿಗ್ಗೆ ಹತ್ತೂವರೆಗೆ ಬರೆದ ಚೆಕ್ಕು ಸಹಿ ಹೊಂದುವುದಿಲ್ಲವೆಂಬ ಕಾರಣಕ್ಕೆ ವಾಪಸಾಯಿತು. ಅಂದು ಸಂಜೆ ಎರಡು ಪೆಗ್ ಆದ ಮೇಲೆ ಖಾಲಿ ಹಾಳೆಯಲ್ಲಿ ಸಹಿ ಹಾಕಿ ನೋಡಿದರೆ ಅಕ್ಷರಗಳು ನೆಟ್ಟಗೆ ನಿಂತವು. ಕುಡಿದಾಗ ಮಾತ್ರ ನಡುಕ ನಿಲ್ಲಿಸುವ ಆ ಕೈಯನ್ನು ಕಂಡು ಹೆದರಿ, ರಾತ್ರಿಯೇ ಹೆಂಡತಿಗೆ ಎಲ್ಲವನ್ನೂ ಹೇಳಿದೆ.

ಅದಕ್ಕೂ ಹಿಂದೆ ಸೋತದ್ದುಂಟು. ಒಂದು ದಸರೆಯಲ್ಲಿ ಒಂಬತ್ತು ದಿನ ಬಿಟ್ಟು, ಜಂಬೂಸವಾರಿಯ ರಾತ್ರಿ ಮತ್ತೆ ಹಿಡಿದೆ. ಇನ್ನೊಮ್ಮೆ ವಿಸ್ಕಿ ಬಿಟ್ಟು ಬಿಯರಿಗೆ ಬಂದೆ; ಆದರೆ ಶೇ. 42.8ರ ವಿಸ್ಕಿಯ ಒಂದು ಕ್ವಾರ್ಟರಿನಲ್ಲಿ (180 ಮಿ.ಲೀ.) 77 ಮಿ.ಲೀ. ಮದ್ಯಸಾರವಿದ್ದರೆ, ಶೇ. 8ರ ಎರಡು ದೊಡ್ಡ ಬಾಟಲಿ (ತಲಾ 650 ಮಿ.ಲೀ.) ಸ್ಟ್ರಾಂಗ್ ಬಿಯರಿನಲ್ಲಿ 100 ಮಿ.ಲೀ. ದಾಟುತ್ತದೆ ಎಂಬ ಸರಳ ಗುಣಾಕಾರವನ್ನು, ಲೆಕ್ಕದವನಾದ ನಾನೇ ಎಂಟು ತಿಂಗಳು ಮಾಡಿರಲಿಲ್ಲ. ಚೆಕ್ಕು ವಾಪಸಾದ ಮೇಲೆ ಯಾರನ್ನೂ ಕೇಳದೆ ಒಮ್ಮೆಲೇ ನಿಲ್ಲಿಸಿದ್ದು ಎಲ್ಲಕ್ಕಿಂತ ಅಪಾಯದ ತಪ್ಪು. ಮೂರನೆಯ ರಾತ್ರಿ ಮೈಯೆಲ್ಲ ಬೆವತು, ಗೋಡೆಯ ಮೇಲೆ ಇಲ್ಲದ ಇರುವೆಗಳು ಕಂಡವು, ಆಸ್ಪತ್ರೆಗೆ ಸೇರಿಸಬೇಕಾಯಿತು. ದಿನವೂ ಕುಡಿಯುವವರು ವೈದ್ಯರ ನಿಗಾದಲ್ಲೇ ಬಿಡಬೇಕು. ಫಿಟ್ಸ್ ಬರಬಹುದು, ಜೀವವೇ ಹೋಗಬಹುದು.

ಒಂಬತ್ತು ದಿನದ ಆಸ್ಪತ್ರೆ, ಔಷಧ, ರಕ್ತಪರೀಕ್ಷೆ ಸೇರಿ 38,000 ರೂಪಾಯಿಯಷ್ಟಾಯಿತು. ಕ್ವಾರ್ಟರು, ನಂಜಿಕೊಳ್ಳಲು ಬೇಕಾದದ್ದು ಸೇರಿ ನನಗೆ ತಿಂಗಳಿಗೆ 9,000 ಹೋಗುತ್ತಿತ್ತು. ನಾಲ್ಕೈದು ತಿಂಗಳಲ್ಲಿ ಆ ಖರ್ಚು ತೀರಿತು.

ಮನೆಗೆ ಬಂದ ಮೇಲೆ ನಾನು ಮಾಡಿದ್ದು ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ಬರೆಯುವುದು. ಕುಡಿಯಬೇಕೆನಿಸಿದ ಪ್ರತಿ ಸಲ ಹೊತ್ತು, ಜಾಗ, ಕೊನೆಯ ಬಾರಿ ತಿಂದದ್ದು ಯಾವಾಗ ಎಂಬುದನ್ನು ಬರೆದೆ. ಪುಸ್ತಕ ಬರೆದು ಕುಡಿತ ಬಿಟ್ಟವರಿಲ್ಲವೆಂದು ಭಾವಮೈದುನ ಹೇಳಿದ. ಜೊತೆಗೆ ಕುಡಿಯುತ್ತಿದ್ದ ಗೆಳೆಯರು ಇದು ಎರಡು ವಾರ ನಡೆದೀತು ಅಷ್ಟೇ ಎಂದರು. ಆದರೆ ಆರು ವಾರದ ನಮೂದುಗಳನ್ನು ಕೂಡಿಸಿದಾಗ, ಮುಕ್ಕಾಲು ಪಾಲು ಸಂಜೆ ಆರೂವರೆಯಿಂದ ಎಂಟರೊಳಗೆ, ಮಧ್ಯಾಹ್ನದ ಊಟದ ನಂತರ ಏನೂ ತಿನ್ನದ ದಿನಗಳಲ್ಲೇ ಬಿದ್ದಿದ್ದವು. ಐದೂವರೆಗೆ ಎರಡು ಇಡ್ಲಿ ತಿಂದು, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯತೊಡಗಿದ ಮೇಲೆ ನಮೂದುಗಳು ಅರ್ಧಕ್ಕಿಳಿದವು. ನಡುವೆ ಮಜ್ಜಿಗೆ, ಸೋಡಾ, ನಿಂಬೆ ಷರಬತ್ತು ಎಲ್ಲವನ್ನೂ ಪ್ರಯೋಗಿಸಿದೆ. ಸೋಡಾ ಮಾತ್ರ ಹಳೆಯ ಲೋಟವನ್ನೇ ನೆನಪಿಸಿತು, ಬಿಟ್ಟೆ.

ವೈದ್ಯರು ಬರೆದುಕೊಟ್ಟ, ಮೇಲೆ ಮದ್ಯ ಕುಡಿದರೆ ಮೈ ಕೆಡಿಸುವ ಡೈಸಲ್ಫಿರಾಂ ಮಾತ್ರೆಯನ್ನು ಪ್ರತಿ ಬೆಳಿಗ್ಗೆ ಹೆಂಡತಿಯ ಎದುರು, ತಿಳಿದೇ ನುಂಗಿದೆ. ಕುಡಿಯುವವನಿಗೆ ಹೇಳದೆ ಅದನ್ನು ಸಾರಿನಲ್ಲಿ ಬೆರೆಸುವ ಮನೆಗಳಿವೆ; ಅವನು ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು, ದಯವಿಟ್ಟು ಹಾಗೆ ಮಾಡಬೇಡಿ.

ಈಗ ಎರಡೂವರೆ ವರ್ಷವಾಯಿತು. ಮಂಡ್ಯ ಕಡೆಯ ಬೀಗರ ಔತಣಗಳಿಂದ ಯಾರ ಮನಸ್ಸೂ ನೋಯದಂತೆ ಎದ್ದು ಬರಲು ಒಂದು ಮಾತು ಕಂಡುಕೊಂಡಿದ್ದೇನೆ; ನೆಂಟರೂ ಇದನ್ನು ಓದುವುದರಿಂದ ಇಲ್ಲಿ ಬರೆಯಲಾರೆ. ಈ ತಿಂಗಳ ಕಿರ್ದಿಯಲ್ಲಿ ನಾಲ್ಕು ನಮೂದುಗಳಿವೆ, ನಾಲ್ಕೂ ಹಸಿವಿನ ಹೊತ್ತಿನವು.