ಗ್ರಾಹಕರ ವೆಬ್‌ಸೈಟ್‌ಗೆ ಯಾವ ಸಿಎಂಎಸ್? ಆರಿಸುವ ಮುನ್ನ ಹೀಗೆ ಮಾಡಿ

ವೆಬ್‌ಸೈಟ್ ಮಾಡಿಕೊಡುವ ಕೆಲಸಕ್ಕೆ ಹೊಸದಾಗಿ ಇಳಿದವರು ನನ್ನನ್ನು ಮೊದಲು ಕೇಳುವುದು ಇದನ್ನೇ: ವರ್ಡ್‌ಪ್ರೆಸ್ ಒಳ್ಳೆಯದೋ, ಜೂಮ್ಲಾ ಒಳ್ಳೆಯದೋ, ಡ್ರೂಪಲ್ ಒಳ್ಳೆಯದೋ? ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ನಾವು ಕೆಲಸ ಮುಗಿಸಿ ಹೊರಟ ಮೇಲೆ ಆ ಸೈಟಿನ ಮುಂದೆ ಕೂರುವವರು ಯಾರು?

ಕೋಡ್ ಮುಟ್ಟದೆ ಪುಟ ಬರೆಯಲು, ಫೋಟೊ ಹಾಕಲು, ಹಳೆಯದನ್ನು ತಿದ್ದಲು ಇರುವ ತಂತ್ರಾಂಶವೇ ಸಿಎಂಎಸ್. ವರ್ಡ್‌ಪ್ರೆಸ್, ಜೂಮ್ಲಾ, ಡ್ರೂಪಲ್ ಮೂರೂ ಅಂಥವೇ. ಅದನ್ನು ದಿನಾ ಬಳಸುವವರು ಗ್ರಾಹಕರು, ನಾವಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಸಹಕಾರ ಸಂಘಕ್ಕೆ ಡ್ರೂಪಲ್‌ನಲ್ಲಿ ಸೈಟ್ ಮಾಡಿಕೊಟ್ಟೆ. ನನಗೆ ಡ್ರೂಪಲ್ ಚೆನ್ನಾಗಿ ಬರುತ್ತಿತ್ತು, ಅದಕ್ಕೇ ಅದನ್ನು ಆರಿಸಿದ್ದೆ. ಠೇವಣಿಯ ಬಡ್ಡಿ ದರ ಬದಲಿಸಲು ಅಲ್ಲಿನ ಗುಮಾಸ್ತರು ಐದು ಮೆನು ದಾಟಬೇಕಿತ್ತು. ವರ್ಷ ಕಳೆದು ನೋಡಿದರೆ ಮುಖಪುಟದಲ್ಲಿ ಹಳೆಯ ದರವೇ ಇತ್ತು. ಅದನ್ನು ನಂಬಿ ಠೇವಣಿ ಇಡಲು ಬಂದವರೊಬ್ಬರು ಕೌಂಟರಿನಲ್ಲಿ ಬೇಜಾರು ಮಾಡಿಕೊಂಡು ಹೋದರಂತೆ. ಗುಮಾಸ್ತರದು ಏನೂ ತಪ್ಪಿರಲಿಲ್ಲ, ಆಯ್ಕೆ ನನ್ನದು.

ಮೊದಲು ಅವರ ಕಚೇರಿಗೆ ಹೋಗಿ

ಫೋನಿನಲ್ಲಿ ಮಾತಾಡಿ ಮುಗಿಸಬೇಡಿ. ಹೋಗಿ ಕೂತು ಕೇಳಿ. ಹೊಸ ವಿಷಯ ಹಾಕುವವರು ಯಾರು? ತಿಂಗಳಿಗೆ ಎಷ್ಟು ಸಲ? ಕಂಪ್ಯೂಟರಿನಲ್ಲೋ, ಫೋನಿನಲ್ಲೋ? ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಒಪ್ಪಬೇಕೋ? ಕೊನೆಯದಕ್ಕೆ ಹೌದು ಅಂದರೆ ವರ್ಡ್‌ಪ್ರೆಸ್‌ನಲ್ಲಿ ‘ಕಾಂಟ್ರಿಬ್ಯೂಟರ್’ ಲಾಗಿನ್ ಸಾಕು. ಅವರು ಬರೆದಿಡಬಹುದು, ಪ್ರಕಟಿಸುವುದು ‘ಎಡಿಟರ್’ ಲಾಗಿನ್ ಇದ್ದವರು.

‘ವರ್ಷಕ್ಕೊಮ್ಮೆ ಫೋನ್ ನಂಬರ್ ಬದಲಾದರೆ ಹೆಚ್ಚು’ ಎಂಬ ಉತ್ತರ ಬಂದರೆ ಸಿಎಂಎಸ್ಸೇ ಬೇಡ. ಐದು ಪುಟದ ಸಾದಾ ಎಚ್‌ಟಿಎಂಎಲ್ ಸೈಟ್ ಮಾಡಿಕೊಡಿ. ಬೇಗ ತೆರೆಯುತ್ತದೆ, ಅದಕ್ಕೆ ಪ್ಲಗಿನ್ (ಸಿಎಂಎಸ್‌ಗೆ ಹೆಚ್ಚಿನ ಸೌಲಭ್ಯ ಸೇರಿಸುವ ಚಿಕ್ಕ ತಂತ್ರಾಂಶ) ಅಪ್‌ಡೇಟ್ ಮಾಡುತ್ತ ಕೂರಬೇಕಿಲ್ಲ.

ಯಾವುದು ಯಾರಿಗೆ

ಶಾಲೆ, ಕ್ಲಿನಿಕ್, ಸಂಘ, ಚಿಕ್ಕ ಪತ್ರಿಕೆಗಳಿಗೆ ನಾನು ವರ್ಡ್‌ಪ್ರೆಸ್ ಕೊಡುತ್ತೇನೆ. 2003ರಲ್ಲಿ ಶುರುವಾದ ಇದು ಈಗ ಜಗತ್ತಿನ ಶೇ 40ಕ್ಕಿಂತ ಜಾಸ್ತಿ ಸೈಟ್‌ಗಳಲ್ಲಿದೆ. ನಾಳೆ ನೀವು ಸಿಗದಿದ್ದರೂ ಇದನ್ನು ಬಲ್ಲವರು ಊರಲ್ಲಿ ಇನ್ನೊಬ್ಬರು ಸಿಗುತ್ತಾರೆ. ಡ್ರೂಪಲ್ ಬೇಕಾಗುವುದು ಹಲವು ವಿಭಾಗ, ಹಲವು ಬಗೆಯ ಮಾಹಿತಿ, ಹತ್ತಾರು ಜನರ ಅನುಮತಿ ಇರುವ ದೊಡ್ಡ ಸಂಸ್ಥೆಗಳಿಗೆ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೈಟ್ ಬೇಕೆಂದರೆ ಡ್ರೂಪಲ್, ಜೂಮ್ಲಾಗಳಲ್ಲಿ ಆ ಅನುಕೂಲ ಒಳಗೇ ಇದೆ. ವರ್ಡ್‌ಪ್ರೆಸ್‌ಗೆ ಪಾಲಿಲ್ಯಾಂಗ್‌ನಂಥ ಪ್ಲಗಿನ್ ಬೇಕು. ಮಾರಾಟವೇ ಮುಖ್ಯವಾದರೆ ಶಾಪಿಫೈ ಅಥವಾ ವರ್ಡ್‌ಪ್ರೆಸ್ ಜೊತೆ ವೂಕಾಮರ್ಸ್ ಪ್ಲಗಿನ್ ನೋಡಿ.

ಕನ್ನಡದಲ್ಲಿ ಪರೀಕ್ಷಿಸಿ

ಬಹಳ ಜನ ಈ ಹೆಜ್ಜೆಯನ್ನೇ ಬಿಟ್ಟುಬಿಡುತ್ತಾರೆ. ಥೀಮ್‌ನ (ಸೈಟಿನ ಸಿದ್ಧ ವಿನ್ಯಾಸದ) ಡೆಮೊ ಇಂಗ್ಲಿಷಿನಲ್ಲಿ ಚಂದ ಕಾಣುತ್ತದೆ. ಅದರ ಮೆನುವಿನಲ್ಲಿ ‘ಸ್ತ್ರೀಶಕ್ತಿ’, ‘ರಾಷ್ಟ್ರೀಯ’ ಎಂದು ಬರೆದು ನೋಡಿ. ಸಾಲುಗಳ ನಡುವಿನ ಜಾಗ ಕಡಿಮೆ ಇದ್ದರೆ ಒತ್ತಕ್ಷರದ ಬಾಲ ಕತ್ತರಿಸಿಹೋಗುತ್ತದೆ. ಥೀಮ್‌ನ ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ಒಂದೊಂದು ಫೋನಿನಲ್ಲಿ ಒಂದೊಂದು ಥರ ಕಾಣುತ್ತದೆ. ನೋಟೊ ಸಾನ್ಸ್ ಕನ್ನಡ, ತಿರೊ ಕನ್ನಡ ಉಚಿತವಾಗಿ ಸಿಗುತ್ತವೆ, ಅವುಗಳಲ್ಲೊಂದನ್ನು ಸೇರಿಸಿ.

ಪುಟದ ವಿಳಾಸವನ್ನೂ ನೋಡಬೇಕು. ಕನ್ನಡ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಅದನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಶೇಕಡಾ ಚಿಹ್ನೆಗಳ ಉದ್ದ ಸರಪಳಿ ಬರುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನ ಲೆಕ್ಕದಲ್ಲಿ ಒಂದೊಂದು ಅಕ್ಷರ, ಗುಣಿತದ ಚಿಹ್ನೆ, ಅರ್ಧಾಕ್ಷರದ ಗುರುತು ಕೂಡ ಅಲ್ಲಿ ಒಂಬತ್ತು ಸ್ಥಾನ ತಿನ್ನುತ್ತದೆ. ‘ವಾರ್ಷಿಕ ಸಭೆ’ ಎಂಬ ಎರಡೇ ಪದಕ್ಕೆ 91 ಸ್ಥಾನ! ವರ್ಡ್‌ಪ್ರೆಸ್ ಇದಕ್ಕೆ ಇಟ್ಟಿರುವ ಜಾಗ 200, ಹಾಗಾಗಿ ಉದ್ದ ಶೀರ್ಷಿಕೆ ಮಧ್ಯದಲ್ಲೇ ತುಂಡಾಗುತ್ತದೆ. ಪ್ರಕಟಿಸುವ ಮುನ್ನ ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ಬರೆಯಲು ಹೇಳಿಕೊಡಿ.

ಇನ್ನೊಂದು, ಕಚೇರಿಗಳ ಹಳೆಯ ಕಡತಗಳು ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿರುತ್ತವೆ. ಅದನ್ನು ಹಾಗೇ ಅಂಟಿಸಿದರೆ ಅರ್ಥವಾಗದ ಚಿಹ್ನೆಗಳ ರಾಶಿ ಕಾಣುತ್ತದೆ. ಯೂನಿಕೋಡ್‌ಗೆ ಬದಲಿಸುವ ಕೆಲಸ ಯಾರದು ಎಂದು ಮೊದಲೇ ಮಾತಾಡಿಕೊಳ್ಳಿ, ಅದಕ್ಕೂ ಹಣ ಹೇಳಿ.

ಆಮೇಲಿನ ಖರ್ಚು, ಹೊರಬರುವ ದಾರಿ

ವರ್ಡ್‌ಪ್ರೆಸ್ ಉಚಿತ, ಆದರೆ ಹೋಸ್ಟಿಂಗ್ (ಸೈಟ್ ಇಡುವ ಸರ್ವರಿನ ಜಾಗ), ಡೊಮೇನ್ (ಸೈಟಿನ ವಿಳಾಸದ ಹೆಸರು), ಬ್ಯಾಕಪ್, ಅಪ್‌ಡೇಟ್ ಉಚಿತವಲ್ಲ. ಸೈಟ್ ಹ್ಯಾಕ್ ಆಗುವುದು ಹೆಚ್ಚಾಗಿ ಅಪ್‌ಡೇಟ್ ಆಗದ ಪ್ಲಗಿನ್‌ಗಳಿಂದ. ವರ್ಷದ ನಿರ್ವಹಣೆಗೆ ಬೇರೆ ದರ ಬರೆದುಕೊಡಿ. ಆವೃತ್ತಿಗೂ ಆಯಸ್ಸು ಇರುತ್ತದೆ. ಡ್ರೂಪಲ್ 7ರ ಬೆಂಬಲ 2025ರ ಜನವರಿ 5ಕ್ಕೆ ಮುಗಿಯಿತು. ಅದರಲ್ಲಿದ್ದ ಸೈಟ್‌ಗಳನ್ನು ಹೊಸ ಆವೃತ್ತಿಗೆ ಒಯ್ಯುವುದೆಂದರೆ ಹೆಚ್ಚುಕಡಿಮೆ ಹೊಸದಾಗಿ ಕಟ್ಟಿದ ಹಾಗೆ.

ವಿಕ್ಸ್‌ನಂಥ ಸೇವೆಯಲ್ಲಿ ಅಪ್‌ಡೇಟ್ ಚಿಂತೆ ಇಲ್ಲ, ಬೇಗ ಮುಗಿಯುತ್ತದೆ. ಆದರೆ ಸೈಟನ್ನು ಇಡಿಯಾಗಿ ಎತ್ತಿ ಬೇರೆ ಕಡೆ ಇಡಲು ಆಗುವುದಿಲ್ಲ. ಇದನ್ನು ಗ್ರಾಹಕರಿಗೆ ಮೊದಲೇ ಬಾಯಿಬಿಟ್ಟು ಹೇಳಿ. ಏನೇ ಆರಿಸಿದರೂ ಡೊಮೇನ್ ಅವರ ಹೆಸರಿನಲ್ಲಿ, ಅವರ ಇಮೇಲ್‌ನಲ್ಲಿ ಇರಲಿ.

ಕೊನೆಗೆ ಸುಮ್ನೆ ಕೂತು ನೋಡಿ

ಎರಡು ಸಿಎಂಎಸ್‌ಗಳಲ್ಲಿ ಪ್ರಾಯೋಗಿಕ ಸೈಟ್ ಹಾಕಿ. ಸೈಟ್ ನೋಡಿಕೊಳ್ಳುವವರನ್ನೇ ಕೂರಿಸಿ, ‘ಒಂದು ನೋಟಿಸ್ ಹಾಕಿ, ಆಮೇಲೆ ಅದರಲ್ಲಿ ದಿನಾಂಕ ಬದಲಿಸಿ’ ಎನ್ನಿ. ಮೌಸ್ ಕಸಿದುಕೊಳ್ಳಬೇಡಿ, ಅವರು ಎಲ್ಲಿ ತಡವರಿಸುತ್ತಾರೆ ಎಂದು ಬರೆದುಕೊಳ್ಳಿ.

ಆ ಸಹಕಾರ ಸಂಘಕ್ಕೆ ಸೈಟನ್ನು ವರ್ಡ್‌ಪ್ರೆಸ್‌ನಲ್ಲಿ ಮತ್ತೆ ಕಟ್ಟಿಕೊಡುವಾಗ ನಾನು ಹೀಗೇ ಮಾಡಿದೆ. ಗುಮಾಸ್ತರು ಕರ್ಸರನ್ನು ಪಬ್ಲಿಷ್ ಬಟನ್ ಮೇಲಿಟ್ಟು ನಿಂತುಬಿಟ್ಟರು. ‘ಸರ್, ತಪ್ಪಾದ್ರೆ ವಾಪಸ್ ತರೋಕಾಗುತ್ತಾ?’ ಅಂದರು. ಹಳೆಯ ಪ್ರತಿಗಳು ‘ರಿವಿಷನ್ಸ್’ನಲ್ಲಿ ಉಳಿದಿರುವುದನ್ನು ತೋರಿಸಿದೆ. ಆಮೇಲೆ ಬಟನ್ ಒತ್ತಿದರು.