ಪಹಣಿ ಇಲ್ಲದ ಭೂಮಿಗೆ ಪುರಾವೆ ಜೋಡಿಸಿದ್ದು

ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗ. ನಮ್ಮ ಪೋಡಿನ, ಅಂದರೆ ನಮ್ಮ ಹಾಡಿಯ, ಅರಣ್ಯ ಹಕ್ಕು ಸಮಿತಿಯಲ್ಲಿ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. 2006ರ ಅರಣ್ಯ ಹಕ್ಕು ಕಾಯ್ದೆ ನಮ್ಮನ್ನು ಕೇಳುವುದು ಇಷ್ಟೇ: 2005ರ ಡಿಸೆಂಬರ್ 13ಕ್ಕೆ ಮುಂಚೆಯೇ ಈ ಜಾಗದಲ್ಲಿ ಇದ್ದಿರಾ? ಇದ್ದೆವು, ಆದರೆ ಪಹಣಿ ಎಲ್ಲಿಂದ ತರುವುದು? 1974ರಲ್ಲಿ ಅಭಯಾರಣ್ಯ ಆದ ಮೇಲೆ ಎಷ್ಟೋ ಕುಟುಂಬಗಳನ್ನು ಒಳಕಾಡಿನಿಂದ ಎಬ್ಬಿಸಿ ತಂದಿದ್ದರು. ಹಳೇ ಹೊಲದ ತುಂಬ ಈಗ ಲಂಟಾನ ಎನ್ನುವ ಕಳೆ ಪೊದೆ.

ನಮಗೆ ದಾರಿ ತೋರಿಸಿದ್ದು ಈ ಕಾಯ್ದೆಯಡಿ ಮಾಡಿದ ನಿಯಮಗಳಲ್ಲಿ ನಿಯಮ 13. ಹಿರಿಯರ ಹೇಳಿಕೆ, ಬಾವಿ, ಸಮಾಧಿ, ದೇವರ ಜಾಗ ಎಲ್ಲವೂ ಪುರಾವೆಯೇ ಎನ್ನುತ್ತದೆ ಅದು. ಒಂದಕ್ಕಿಂತ ಜಾಸ್ತಿ ಇರಬೇಕು, ಅಷ್ಟೇ. ಜಿಪಿಎಸ್ ಹಿಡಿದು ತಾತಂದಿರ ಹಿಂದೆ ಕಾಡಿಗೆ ಹೊರಟೆವು. ನಮ್ಮಲ್ಲಿ ಒಂದೊಂದು ಕುಲಕ್ಕೂ ಒಂದು ಎಲ್ಲೆ, ಅಂದರೆ ಆ ಕುಲದ ಪಾಲಿನ ಕಾಡು. ಅದರೊಳಗೆ ನಾವು ಪೂಜಿಸುವ ಜಾಗಗಳು: ದೇವರು, ಮಾರಮ್ಮ, ವೀರು, ಕಲ್ಲುಗುಡಿ (ಸಮಾಧಿ ಕಲ್ಲು), ಅಬ್ಬಿ (ನೀರಿನ ಜಾಗ). ಲಂಟಾನ ಕಡಿದು ನುಗ್ಗಿದರೆ ತಾತ ಹೇಳಿದ ಕಡೆಯೇ ಕಲ್ಲು ಇರುತ್ತಿತ್ತು. ಒಂದೊಂದನ್ನೂ ಗುರುತು ಹಾಕಿ, ಫೋಟೋ ತೆಗೆದು, ಯಾವ ಕುಲದ್ದು ಎಂದು ಬರೆದುಕೊಂಡೆವು.

ಹೇಳಿಕೆ ಕೊಡುವ ಹಿರಿಯರು ಅರ್ಜಿದಾರರೇ ಆಗಿರಬಾರದು. ಅದಕ್ಕೆ ಪಕ್ಕದ ಪೋಡಿನವರನ್ನು ಕರೆದೆವು. ಎಲ್ಲೆಯ ವಿಚಾರದಲ್ಲಿ ಜೋರು ಮಾತುಕತೆಯೂ ಆಯಿತು, ಹಳ್ಳದ ಆಚೆ ಯಾರದು ಅಂತ. ಒಳ್ಳೆಯದೇ ಆಯಿತು ಬಿಡಿ. ಆಮೇಲೆ ಎರಡೂ ಕಡೆಯವರು ಒಂದೇ ನಕ್ಷೆಗೆ ಹೆಬ್ಬೆಟ್ಟು ಒತ್ತಿದರು. ಸ್ಥಳ ಪರಿಶೀಲನೆಗೆ ಅರಣ್ಯ ಇಲಾಖೆಗೆ ಲಿಖಿತ ನೋಟಿಸ್ ಕೊಟ್ಟು ಸ್ವೀಕೃತಿ ಪಡೆದಿದ್ದೆವು. ಈ ಚೀಟಿ ಇಲ್ಲದೆ ಸುಮ್ನೆ ಮುಂದೆ ಹೋಗಬೇಡಿ.

ಇಷ್ಟಾದರೂ ಕೆಲವು ವೈಯಕ್ತಿಕ ಅರ್ಜಿಗಳು ‘ದಾಖಲೆ ಇಲ್ಲ’ ಎಂದು ವಾಪಸ್ ಬಂದವು. ಇಂಥದ್ದೇ ದಾಖಲೆ ಬೇಕು ಎಂದು ಉಪವಿಭಾಗ, ಜಿಲ್ಲಾ ಮಟ್ಟದ ಸಮಿತಿಗಳು ಹಟ ಹಿಡಿಯುವಂತಿಲ್ಲ. ನಿಯಮಗಳ 2012ರ ತಿದ್ದುಪಡಿಯಲ್ಲೇ ಅದು ಇದೆ. 60 ದಿನದೊಳಗೆ ಮೇಲ್ಮನವಿ ಹಾಕಬೇಕು. ಹಾಕುವಾಗ ಒಬ್ಬರ ಮನೆಯ ಟ್ರಂಕಿನಲ್ಲಿ ಹಳೇ ದಂಡದ ರಸೀದಿಗಳು ಸಿಕ್ಕವು. ಒತ್ತುವರಿದಾರ ಎಂದು ಅವರಪ್ಪನಿಗೆ ಹಾಕಿದ ದಂಡ. ಆ ಜಾಗದಲ್ಲಿ ಅವರಪ್ಪ ಇದ್ದರು ಎಂದು ಸರ್ಕಾರವೇ ಬರೆದುಕೊಟ್ಟ ಹಾಗಲ್ವಾ? ಅದನ್ನೂ ಲಗತ್ತಿಸಿದೆವು.

ಆ ರಸೀದಿ ಸಿಕ್ಕ ಮನೆಯವರಿಗೆ ಹಕ್ಕುಪತ್ರ ಬಂದಿದೆ, ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ. ಮಾರುವಂತಿಲ್ಲ, ಆದರೆ ಮಕ್ಕಳಿಗೆ ಬರುತ್ತದೆ. ಒಳಕಾಡಿನಿಂದ ಎಬ್ಬಿಸಿದವರ ಪುನರ್ವಸತಿಗೆ ಕಾಯ್ದೆಯಲ್ಲಿ ಬೇರೆಯೇ ಕಲಂ ಇದೆ. ಆ ಅರ್ಜಿಗಳ ಕಟ್ಟು ಇನ್ನೂ ಕಚೇರಿಯಲ್ಲಿದೆ.